ಗಂಗಕ್ಕ ಬೈಯುತ್ತಿದ್ದ ಚಳಿಗಾಲ

ಅಜ್ಜಂಪುರದಿಂದ ಫೋನು ಮಾಡಿದವರು ಬಹಳ ಮರ್ಯಾದೆಯಿಂದ ಮಾತಾಡಿದರು. ನಾಟಕದ ಹುಚ್ಚಿರುವ ನಾವೊಂದಿಷ್ಟು ಜನ ಸೇರಿ ಭಾನುವಾರ ಬೆಳಿಗ್ಗೆ ಒಂದು ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ, ನಿಮಗೆ ಸನ್ಮಾನ ಮಾಡಬೇಕು ಅಂತ ಆಸೆ ಅಂದರು. ಶಾಲು, ಹಾರ, ಹಣ್ಣಿನ ಬುಟ್ಟಿ ಅಂತ ಪಟ್ಟಿ ಒಪ್ಪಿಸಿ, ಕೊನೆಗೆ ಎಲ್ಲರೂ ಕೇಳುವುದನ್ನೇ ಕೇಳಿದರು. ಆ ಖಾಲಿ ಕುರ್ಚಿಯ ಸೀನು ಒಂದು ಮಾಡಿಬಿಡಿ ಮೇಡಂ, ಜನ ಅದಕ್ಕೇ ಬರುತ್ತಾರೆ.

ಟೀವಿ ನೋಡುವವರಿಗೆ ನಾನು ಯಾರು ಅಂತ ಹೇಳಬೇಕಾಗಿಲ್ಲ. ನೋಡದವರಿಗೆ ಹೇಳುತ್ತೇನೆ. ಬೈಯುವ ಅತ್ತೆ, ಬೈಯುವ ಪಕ್ಕದ ಮನೆಯವಳು, ಬೈಯುವ ಹಾಸ್ಟೆಲ್ ವಾರ್ಡನ್, ಹೀಗೆ ಧಾರಾವಾಹಿಗಳಲ್ಲಿ ಬೈದು ನಗಿಸುವ ಹೆಂಗಸು ಬೇಕಾದಾಗಲೆಲ್ಲ ನನ್ನನ್ನೇ ಕರೆಯುತ್ತಾರೆ. ಅದಕ್ಕೂ ಮೊದಲು ನಾಟಕ ಕಂಪನಿಯಲ್ಲಿದ್ದೆ. ಊಟದ ಹೊತ್ತಿಗೆ ಬರದ ಗಂಡನನ್ನು, ಅವನು ಕೂರುವ ಕುರ್ಚಿಯ ಎದುರು ನಿಂತು ಹೆಂಡತಿ ತರಾಟೆಗೆ ತೆಗೆದುಕೊಳ್ಳುವ ಸೀನು ನನಗೆ ಹೆಸರು ತಂದಿತು, ಮನೆ ತಂದಿತು, ಸಕ್ಕರೆ ಕಾಯಿಲೆ ಬರುವಷ್ಟು ಮದುವೆ ಊಟವನ್ನೂ ತಂದಿತು. ಒಂದು ಸಲ ಆಸ್ಪತ್ರೆಯಲ್ಲಿ ಕೈಗೆ ಡ್ರಿಪ್ ಹಾಕಿಕೊಂಡು ಮಲಗಿದ್ದಾಗ ನರ್ಸು ಕೇಳಿದಳು, ಮಲಗಿದ್ದಲ್ಲೇ ಮಾಡಿದೆ. ಎಲ್ಲಿ ಯಾರು ಕೇಳಿದರೂ ಇಲ್ಲ ಅಂದವಳಲ್ಲ. ಆದರೆ ಅಜ್ಜಂಪುರದಲ್ಲಿ ಮಾತ್ರ ಅದು ನನ್ನಿಂದ ಆಗುವುದಿಲ್ಲ. ಮಂಡಿ ನೋವು ಅಂತ ಸುಳ್ಳು ಹೇಳಿ, ಬರೀ ಸನ್ಮಾನಕ್ಕೆ ಬರುತ್ತೇನೆ ಅಂದೆ. ನನಗೆ ಬೇಕಾಗಿದ್ದದ್ದು ಶಾಲೂ ಅಲ್ಲ, ಹಾರವೂ ಅಲ್ಲ. ಗಂಗಕ್ಕನ ಮುಖ ಒಂದು ಸಲ ನೋಡಬೇಕಿತ್ತು.

ಆಗ ನನಗೆ ಇಪ್ಪತ್ತಾರು. ಹುಟ್ಟಿದ್ದು ಕಂಪನಿಯ ಬಿಡಾರದಲ್ಲಿ, ಬೆಳೆದದ್ದು ಪರದೆಯ ಹಿಂದೆ. ಅಮ್ಮನೂ ಅದೇ ಕಂಪನಿಯಲ್ಲಿ ಪಾತ್ರ ಮಾಡುತ್ತಲೇ ತೀರಿಕೊಂಡಳು. ಯಾವೂರು ಅಂತ ಯಾರಾದರೂ ಕೇಳಿದರೆ ಆ ತಿಂಗಳು ಕಂಪನಿ ಎಲ್ಲಿ ಬೀಡು ಬಿಟ್ಟಿದೆಯೋ ಆ ಊರಿನ ಹೆಸರು ಹೇಳುತ್ತಿದ್ದೆ. ಆ ವರ್ಷದವರೆಗೂ ನಾನು ರಾಣಿಯ ಪಕ್ಕದಲ್ಲಿ ಚಾಮರ ಹಿಡಿದು ನಿಲ್ಲುವ ಸಖಿ. ಹಾಸ್ಯದ ಪಾತ್ರ ಮಾಡುತ್ತಿದ್ದವಳು ಮದುವೆಯಾಗಿ ಹೋದಳು ಅಂತ ಮಾಲೀಕರು ಆ ಜಾಗಕ್ಕೆ ನನ್ನನ್ನು ಹಾಕಿದರು.

ಕಂಪನಿ ನಾಟಕದ ಹಾಸ್ಯಕ್ಕೆ ಪುಸ್ತಕದಲ್ಲಿ ಮಾತು ಇರುವುದಿಲ್ಲ. ಒಂದು ದೊಡ್ಡ ಸೀನು ಮುಗಿದ ಮೇಲೆ ಮುಂದಿನ ಪರದೆ ಬೀಳುತ್ತದೆ. ಅದರ ಹಿಂದೆ ಅರಮನೆ ಬಿಚ್ಚಿ ಕಾಡು ಕಟ್ಟುವವರೆಗೆ ಗಂಡು ಹಾಸ್ಯದವನು, ಹೆಣ್ಣು ಹಾಸ್ಯದವಳು ಪರದೆಯ ಮುಂದೆ ನಿಂತು ಜನರನ್ನು ಹಿಡಿದಿಟ್ಟುಕೊಳ್ಳಬೇಕು. ಏನು ಮಾತಾಡುತ್ತೀರಿ ಅನ್ನುವುದು ನಿಮ್ಮ ತಲೆನೋವು. ನನ್ನ ಜೋಡಿ ಮಲ್ಲೇಶಣ್ಣ, ಐವತ್ತು ದಾಟಿದ ಪಳಗಿದ ಆಸಾಮಿ. ಹೊಸ ಊರಿಗೆ ಹೋದ ಮೊದಲ ವಾರ ಅವನು ಕೈಚೀಲ ಹಿಡಿದು ಸಂತೆ, ಕ್ಷೌರದಂಗಡಿ, ಟೀ ಹೋಟೆಲು ಸುತ್ತುತ್ತಿದ್ದ. ಯಾರ ಎಮ್ಮೆ ಯಾರ ಹೊಲಕ್ಕೆ ನುಗ್ಗಿತು, ಯಾವ ಗಲ್ಲಿಯ ನಲ್ಲಿಯಲ್ಲಿ ನೀರು ಬರುತ್ತಿಲ್ಲ, ಎಲ್ಲ ಗುಡ್ಡೆ ಹಾಕಿಕೊಂಡು ಬಂದು ಮಾತಿಗೆ ಬೆರೆಸುತ್ತಿದ್ದ. ತಮ್ಮೂರಿನ ಮಾತು ಕೇಳಿದ್ದೇ ಜನ ನಗುತ್ತಿದ್ದರು. ಅವನದೊಂದು ಕಟ್ಟಳೆಯಿತ್ತು. ಯಾರ ಮನೆಯಲ್ಲಿ ಉಂಡಿದ್ದಾನೋ ಆ ಮನೆಯ ಸುದ್ದಿಯನ್ನು ಸ್ಟೇಜಿನ ಮೇಲೆ ತರುತ್ತಿರಲಿಲ್ಲ. ಅದನ್ನು ಅವನು ನನಗೂ ಮೊದಲ ದಿನವೇ ಹೇಳಿದ್ದ.

ಬೇಸಿಗೆ ಕಡೂರಿನಲ್ಲಿ ಕಳೆಯಿತು. ತಗಡಿನ ಶೀಟಿನ ಕೆಳಗೆ ಜನ ನಾವು ಹಂಚಿದ ಹ್ಯಾಂಡ್‌ಬಿಲ್ಲಿನಿಂದಲೇ ಗಾಳಿ ಹಾಕಿಕೊಳ್ಳುತ್ತ ನನ್ನನ್ನು ಸುಮ್ಮನೆ ನೋಡುತ್ತಿದ್ದರು. ಮಲ್ಲೇಶಣ್ಣನಿಗೆ ನಗುತ್ತಿದ್ದರು, ನಾನು ಬಾಯಿ ಬಿಟ್ಟರೆ ಬೆವರು ಒರೆಸಿಕೊಳ್ಳುತ್ತಿದ್ದರು. ಒಂದು ದಿನ ಮುಂದಿನ ಸಾಲಿನಲ್ಲಿ ಒಬ್ಬ ಬಿದ್ದು ಬಿದ್ದು ನಕ್ಕ. ಆಮೇಲೆ ವಿಚಾರಿಸಿದರೆ, ಅವನ ಪಕ್ಕದವನು ನಿದ್ದೆಯಲ್ಲಿ ಜೋಲಿ ಹೊಡೆದು ಕೆಳಗೆ ಬಿದ್ದಿದ್ದನಂತೆ.

ಮಳೆಗಾಲಕ್ಕೆ ತರೀಕೆರೆಗೆ ಹೋದೆವು. ಕೆಮ್ಮಣ್ಣುಗುಂಡಿ ಕಡೆಯಿಂದ ಇಳಿದ ಮೋಡ ತಗಡಿನ ಮೇಲೆ ಸುರಿಯತೊಡಗಿದರೆ ಸ್ಟೇಜಿನ ಮೇಲೆ ಪಕ್ಕದಲ್ಲಿದ್ದವರ ಮಾತೇ ಕೇಳುತ್ತಿರಲಿಲ್ಲ. ಲಕ್ಕವಳ್ಳಿ ಕಡೆಯವರು ಕೊನೇ ಬಸ್ಸು ತಪ್ಪುತ್ತದೆ ಅಂತ ನಾಟಕ ಅರ್ಧದಲ್ಲಿರುವಾಗಲೇ ಕೊಡೆ ಬಿಚ್ಚಿಕೊಂಡು ಏಳುತ್ತಿದ್ದರು. ನನಗೆ ಮಾತ್ರ ಆ ಮಳೆಯಿಂದ ಉಪಕಾರವೇ ಆಯಿತು. ಜನ ನಕ್ಕರು, ಮಳೆಯಲ್ಲಿ ಕೇಳಿಸಲಿಲ್ಲ ಅಂತ ಮಾಲೀಕರಿಗೆ ಹೇಳಬಹುದಿತ್ತು. ಅವರೇನು ಕಿವುಡರೇ? ಮುಂದಿನ ಕ್ಯಾಂಪು ಅಜ್ಜಂಪುರ, ಅಲ್ಲೂ ಹೀಗೇ ಆದರೆ ಹುಬ್ಬಳ್ಳಿ ಕಡೆಯಿಂದ ಬೇರೆ ಒಬ್ಬಳನ್ನು ಕರೆಸುತ್ತೇನೆ, ನೀನು ಮತ್ತೆ ಚಾಮರ ಹಿಡಿ ಅಂದರು. ಬೇಡ ಅಂತ ಕಂಪನಿ ಬಿಟ್ಟು ಹೋಗೋಣ ಅಂದರೆ ನನಗೆ ಹೋಗಲು ಊರೇ ಇರಲಿಲ್ಲ.

ದೀಪಾವಳಿ ಕಳೆದ ಮೇಲೆ ಅಜ್ಜಂಪುರಕ್ಕೆ ಬಂದೆವು. ಬೆಳಿಗ್ಗೆ ಮಂಜಿನ ಕಾವಳ, ಮಧ್ಯಾಹ್ನ ಸುಡುವ ಬಿಸಿಲು, ಸಂಜೆ ಮತ್ತೆ ಮೈ ಕೊರೆಯುವ ಗಾಳಿ. ಊರು ತುಂಬ ಈರುಳ್ಳಿ ಮೂಟೆ ಮತ್ತು ತೆಂಗಿನ ಸಿಪ್ಪೆಯ ವಾಸನೆ. ನಾಟಕದ ಹೆಂಗಸರಿಗೆ ಬಾಡಿಗೆಗೆ ಕೊಡಲು ಯಾರಿಗೂ ಮನಸ್ಸಿಲ್ಲ. ನಾಲ್ಕು ಮನೆಯ ಬಾಗಿಲು ತಟ್ಟಿ ಸುಸ್ತಾಗಿ ಐದನೆಯ ಮನೆಯ ಜಗಲಿಯ ಮೇಲೆ ಕೂತಿದ್ದಾಗ ಒಳಗಿನಿಂದ ವಿಭೂತಿ ಹಚ್ಚಿಕೊಂಡ, ಉದ್ದನೆಯ ಒಬ್ಬ ಹೆಂಗಸು ಬಂದಳು. ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ನಾನು ಯಾರು, ಏನು, ಜಾತಿ ಯಾವುದು ಏನೂ ಕೇಳಲಿಲ್ಲ. ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತೀಯ ಅಂದಳು. ಒಂಬತ್ತು ಅಂದೆ.

"ಹಂಗಾದ್ರೆ ಏಳಕ್ಕೆ ಎಬ್ಬಿಸ್ತೀನಿ. ಒಪ್ಗೆ ಆದ್ರೆ ಒಳಗೆ ಬಾ."

ಅವಳೇ ಗಂಗಕ್ಕ. ಮುಂದಿನ ಕೋಣೆ ನನಗೆ ಕೊಟ್ಟಳು. ಊಟದ ಮಾತೇ ಆಗಿರಲಿಲ್ಲ, ಆದರೂ ಮೊದಲ ದಿನದಿಂದಲೇ ಎರಡು ಹೊತ್ತೂ ನನಗೂ ಸೇರಿಸಿ ಬೇಯಿಸಿದಳು. ಅನ್ನದ ಜೊತೆಗೆ ಬೈಗುಳವನ್ನೂ ಬಡಿಸುತ್ತಿದ್ದಳು. ತಲೆಗೆ ಎಣ್ಣೆ ಹಚ್ಚದಿದ್ದರೆ ಬೈಗುಳ, ಚಳಿಯಲ್ಲಿ ಬರಿಗಾಲಲ್ಲಿ ಓಡಾಡಿದರೆ ಬೈಗುಳ, ಬಣ್ಣ ಸರಿಯಾಗಿ ತೊಳೆಯದೆ ಮಲಗಿದರೆ ದಿಂಬಿನ ಪರವಾಗಿ ಬೈಗುಳ. ಮುದ್ದೆ ಮುರಿಯುವ ನನ್ನ ರೀತಿ ನೋಡಿ, ಏನೇ ಅದು, ಇಲಿ ಮರಿ ಹಿಡ್ಕಂಡಂಗೆ ಹಿಡ್ಕಂಡಿದೀಯ ಅನ್ನುತ್ತಿದ್ದಳು. ಬೈದು ಬೈದು ಅವರೆಕಾಳಿನ ಸಾರು ಇನ್ನೊಂದು ಸೌಟು ಸುರಿಯುತ್ತಿದ್ದಳು. ಅಲ್ಲಿಯವರೆಗೆ ನನ್ನನ್ನು ಮಾಲೀಕರು ಬೈದಿದ್ದರು, ನಾಟಕ ಕಲಿಸುವ ಮೇಷ್ಟ್ರು ಬೈದಿದ್ದರು. ಅದು ಕೆಲಸ ಕೆಟ್ಟಿದ್ದಕ್ಕೆ ಬೈದದ್ದು. ನಾನು ಕೆಡಬಾರದು ಅಂತ ಬೈದವಳು ಇವಳೊಬ್ಬಳೇ. ಎಂಟು ದಿನದಲ್ಲಿ, ಬೈಸಿಕೊಳ್ಳಲಿಕ್ಕೆ ಅಂತಲೇ ಬೇಕೆಂದು ಬರಿಗಾಲಲ್ಲಿ ಓಡಾಡತೊಡಗಿದೆ.

ಒಂದು ಮಧ್ಯಾಹ್ನ ತಾಲೀಮು ಬೇಗ ಮುಗಿದು ಮನೆಗೆ ಬಂದರೆ, ಅಡುಗೆ ಮನೆಯಲ್ಲಿ ಗಂಗಕ್ಕನ ದನಿ ಜೋರಾಗಿ ಕೇಳುತ್ತಿತ್ತು. ನೆಂಟರು ಬಂದಿರಬೇಕು ಅಂತ ಇಣುಕಿದೆ. ಎದುರಿಗೆ ಮಣೆ, ಮಣೆಯ ಮುಂದೆ ಬಡಿಸಿದ ತಟ್ಟೆ, ಮಣೆಯ ಮೇಲೆ ಯಾರೂ ಇಲ್ಲ.

"ಎಷ್ಟೊತ್ತು ಕಣ್ರೀ ಕಾಯೋದು? ಸಾರು ಮೂರು ಸಲ ಬಿಸಿ ಮಾಡ್ದೆ. ಅಂಗಡೀಲಿ ಕೂತು ಊರೋರ್ಗೆಲ್ಲ ಹಲ್ಲು ಕಿರೀತೀರಿ, ಮನೆಗೆ ಬಂದ್ರೆ ಹರಳೆಣ್ಣೆ ಕುಡ್ದೋರ ಮುಖ. ಹೋಗೋರು ಹೇಳಿ ಹೋಗ್ಬೇಕು ಕಣ್ರೀ. ಇಲ್ದಿದ್ರೆ ಎಷ್ಟು ಅಕ್ಕಿ ಹಾಕ್ಲಿ ಅಂತ ನನಗೆ ಹೆಂಗೆ ಗೊತ್ತಾಗ್ಬೇಕು?"

ಬೈದು ಮುಗಿಸಿ, ತೃಪ್ತಿಯಾದವಳಂತೆ ತನ್ನ ತಟ್ಟೆಗೆ ಕೈ ಹಾಕಿ ಉಣ್ಣತೊಡಗಿದಳು. ನಾನು ಹೆಜ್ಜೆ ಸಪ್ಪಳ ಮಾಡದೆ ಹೊರಗೆ ಬಂದು ಜಗಲಿಯ ಮೇಲೆ ಕೂತೆ. ಉಂಡು ಕೈ ತೊಳೆಯಲು ಬಂದವಳು ನನ್ನನ್ನು ಅಲ್ಲಿ ನೋಡಿದ್ದೇ, ನನಗೆ ಎಲ್ಲ ಕಂಡಿದೆ ಅಂತ ಅವಳಿಗೆ ಗೊತ್ತಾಯಿತು.

ಅದರ ಮುಂದಿನ ಸೋಮವಾರ, ನಾಟಕಕ್ಕೆ ರಜೆಯ ದಿನ, ನನ್ನನ್ನು ತವರೂರು ಬುಕ್ಕಾಂಬುಧಿಗೆ ಕರೆದುಕೊಂಡು ಹೋದಳು. ಅಣ್ಣನ ಮನೆಯಲ್ಲಿ ರೊಟ್ಟಿ ತಿಂದು ಇಬ್ಬರೂ ಕೆರೆ ಏರಿಯ ಮೇಲೆ ಕೂತೆವು. ಆ ವರ್ಷ ಕೆರೆ ತುಂಬಿತ್ತು. ಅವಳ ಗಂಡನಿಗೆ ಹಗ್ಗ, ಕಣ್ಣಿ, ಕುಡುಗೋಲು ಮಾರುವ ಅಂಗಡಿ ಇತ್ತಂತೆ. ಮೂರು ವರ್ಷದ ಹಿಂದೆ ಒಂದು ದಿನ, ಊಟಕ್ಕೆ ಬರುವ ಹೊತ್ತಿಗೆ, ಕೈಯಲ್ಲಿ ತಕ್ಕಡಿ ಹಿಡಿದುಕೊಂಡೇ ಕುಸಿದು ಪ್ರಾಣ ಬಿಟ್ಟನಂತೆ. ಮನೆಯಲ್ಲಿ ಇವಳು ಬಡಿಸಿಕೊಂಡು ಕೂತಿದ್ದಳು. ಅದನ್ನೆಲ್ಲ ಅವಳು ಅಳದೆ, ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿದಳು. ಆಮೇಲೆ ಸೆರಗು ಸರಿ ಮಾಡಿಕೊಂಡು ನನ್ನ ಕಡೆ ತಿರುಗಿದಳು.

"ಹುಚ್ಚಿ ಅನ್ಕೋಬೇಡ ಕಣೇ. ಅತ್ರೆ ಬರಲ್ಲ ಅವ್ರು. ಬೈತಾ ಇದ್ರೆ ಬಂದು ಎದುರಿಗೆ ಕೂರ್ತಾರೆ. ನಮ್ಮ ಅಣ್ಣಂಗೂ ಹೇಳಿಲ್ಲ ಇದ್ನ."

ನಾನು ಅವಳ ಕೈ ಹಿಡಿದುಕೊಂಡೆ. ನಾನು ಯಾರ ಬಾಯಿಂದಲೂ ಅಂಥ ಮಾತು ಅದಕ್ಕೆ ಮೊದಲು ಕೇಳಿರಲಿಲ್ಲ. ಆ ಸಂಜೆ ಬಸ್ಸಿನಲ್ಲಿ ಅವಳ ಭುಜಕ್ಕೆ ಒರಗಿ ಮಲಗಿದ್ದೆ. ಭಾರ ಕಣೇ, ಕಲ್ಲು ತಿಂದಿದೀಯ ಅಂತ ಅದಕ್ಕೂ ಬೈದಳು. ನನ್ನ ಬದುಕಿನಲ್ಲಿ ವಾಪಸು ಬೇಕು ಅನ್ನಿಸುವ ದಿನ ಯಾವುದು ಅಂತ ಕೇಳಿದರೆ ಪ್ರಶಸ್ತಿ ಬಂದ ದಿನವಲ್ಲ, ಆ ಸೋಮವಾರ.

ಸ್ಟೇಜಿನ ಮೇಲೆ ಮಾತ್ರ ನನ್ನ ಗ್ರಹಚಾರ ಹಾಗೇ ಇತ್ತು. ಹುಬ್ಬಳ್ಳಿಗೆ ಕಾಗದ ಬರೆದಾಗಿದೆ ಅಂತ ಕಂಪನಿಯಲ್ಲಿ ಗುಸುಗುಸು ಶುರುವಾಯಿತು. ಡಿಸೆಂಬರಿನ ಒಂದು ಭಾನುವಾರ, ಮಧ್ಯಾಹ್ನ ಮೂರರ ಆಟ. ಗಂಗಕ್ಕ ಒಂದು ದಿನವೂ ನಾಟಕ ನೋಡಿರಲಿಲ್ಲ. ನಾನೇ ಕಾಡಿ ಬೇಡಿ ಪಾಸು ಕೊಟ್ಟು ಒಪ್ಪಿಸಿದ್ದೆ. ಆ ಆಟಕ್ಕೆ ಮಲ್ಲೇಶಣ್ಣ ಬಣ್ಣ ಹಚ್ಚಿಕೊಂಡು ಬಂದವನು ಜ್ವರದಲ್ಲಿ ಗಡಗಡ ನಡುಗುತ್ತ ಪೆಟ್ಟಿಗೆಯ ಮೇಲೆ ಮಲಗಿಬಿಟ್ಟ. ಮುಂದಿನ ಪರದೆ ಬಿದ್ದಾಗಿತ್ತು. ಹಿಂದೆ ಅರಮನೆ ಬಿಚ್ಚುವ ಸದ್ದು. ಮಾಲೀಕರು ನನ್ನ ಬೆನ್ನಿಗೆ ಕೈ ಹಚ್ಚಿ, ಹತ್ತು ನಿಮಿಷ, ಏನಾದ್ರೂ ಮಾಡು ಅಂತ ಹೊರಗೆ ನೂಕಿದರು.

ಹೊರಗೆ ನಾನು, ಒಂದು ಕುರ್ಚಿ, ಎದುರಿಗೆ ಊರು. ನಾಲ್ಕು ಮಾತಾಡಿದೆ, ಯಾರೂ ನಗಲಿಲ್ಲ. ಹಿಂದಿನಿಂದ ಒಬ್ಬ ಶಿಳ್ಳೆ ಹಾಕಿದ. ಮುಂದೆ ಏನಾಯಿತು ಅಂತ ನನಗೆ ಇವತ್ತಿಗೂ ಪೂರ್ತಿ ಹೇಳಲು ಬರುವುದಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಕುರ್ಚಿಯ ಕಡೆ ತಿರುಗಿದೆ. ಎಷ್ಟೊತ್ತು ಕಣ್ರೀ ಕಾಯೋದು ಅಂದೆ. ಗಂಗಕ್ಕನ ದನಿಯೇ ಬಂತು, ಅವಳು ಕತ್ತು ಕೊಂಕಿಸುವ ರೀತಿಯೂ ಬಂತು. ಎಲ್ಲೋ ಒಬ್ಬ ಹೆಂಗಸು ಕಿಸಕ್ಕೆಂದಳು. ಹರಳೆಣ್ಣೆ ಅಂದಾಗ ಹೆಂಗಸರ ಕಡೆ ಪೂರ್ತಿ ನಗು ಎದ್ದಿತು. ನನಗಾಗಿ ಬಂದ ಮೊದಲ ನಗು ಅದು. ಹತ್ತು ತಿಂಗಳು ಕಾದ ನಗು.

ಆಗಲೇ ಅವಳನ್ನು ನೋಡಿದೆ. ಮೂರನೆಯ ಸಾಲಿನಲ್ಲಿ, ಹಸಿರು ಇಳಕಲ್ ಸೀರೆ ಉಟ್ಟು, ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. ನಗು ತಡೆದುಕೊಳ್ಳುತ್ತಿದ್ದಾಳೆ ಅಂದುಕೊಂಡು ಪಕ್ಕದವಳು ಅವಳ ಭುಜ ತಟ್ಟಿ ತಾನೂ ನಗುತ್ತಿದ್ದಳು. ಅದು ಗಂಗಕ್ಕನ ಮಾತು ಅಂತ ಆ ಸಾವಿರ ಜನರಲ್ಲಿ ಯಾರಿಗೂ ಗೊತ್ತಿರಲಿಲ್ಲ, ನಮ್ಮಿಬ್ಬರನ್ನು ಬಿಟ್ಟು. ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. ಬೇರೆ ಏನಾದರೂ ಹೇಳಿ ಮಾತು ತಿರುಗಿಸಬಹುದಿತ್ತು. ನಾನು ನಿಲ್ಲಿಸಲಿಲ್ಲ. ಅವಳ ಕಣ್ಣು ನೋಡುತ್ತಲೇ, ಹೋಗೋರು ಹೇಳಿ ಹೋಗ್ಬೇಕು ಕಣ್ರೀ ಅಂದೆ. ಅಕ್ಕಿಯ ಮಾತನ್ನೂ ಅಂದೆ. ಶೀಟು ಹಾರಿಹೋಗುವಂತೆ ಚಪ್ಪಾಳೆ ಬಿತ್ತು.

ಆ ಆಟ ಮುಗಿಸಿ ಮನೆಗೆ ಹೋದಾಗ ಅವಳು ಎಂದಿನಂತೆ ಬಾಗಿಲು ತೆಗೆದಳು, ನೀರು ಕೊಟ್ಟಳು. ತಪ್ಪಾಯಿತು ಅಕ್ಕ ಅನ್ನಬೇಕು ಅಂತ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಅವಳೇ ಮೊದಲು ಮಾತಾಡಿದಳು.

"ಚೆನ್ನಾಗಿ ಮಾಡಿದ್ರಿ."

ನೀನು ಅನ್ನುತ್ತಿದ್ದವಳು ನೀವು ಅಂದಳು. ನನ್ನ ತಪ್ಪಾಯಿತು ಗಂಟಲಲ್ಲೇ ಉಳಿಯಿತು. ಮಾರನೆಯ ದಿನ ಬರಿಗಾಲಲ್ಲಿ ಅಂಗಳ ಪೂರ್ತಿ ಓಡಾಡಿದೆ, ಅವಳು ನೋಡಿಯೂ ಬೈಯಲಿಲ್ಲ. ನನ್ನ ಊಟಕ್ಕೆ ಏನೂ ಕಡಿಮೆ ಮಾಡಲಿಲ್ಲ.

ಆ ಸೀನು ನಾಟಕದಲ್ಲಿ ಖಾಯಂ ಆಯಿತು. ಬೀರೂರು, ಕಡೂರಿನಿಂದ ಜನ ಅದನ್ನೇ ನೋಡಲು ಬಂದರು. ಹುಬ್ಬಳ್ಳಿಯ ಮಾತು ಯಾರೂ ಎತ್ತಲಿಲ್ಲ. ಮಲ್ಲೇಶಣ್ಣ ಜ್ವರ ಬಿಟ್ಟ ಮೇಲೆ ಸ್ಟೇಜಿನ ಪಕ್ಕದಲ್ಲಿ ನಿಂತು ಒಂದು ಆಟ ನೋಡಿದ. ಇದು ಯಾರ ಮನೆಯದು ಅಂತ ಕೇಳಿದ. ನಾನೇ ಕಟ್ಟಿದ್ದು ಅಂದೆ. ಅವನು ನಂಬಲಿಲ್ಲ, ಮತ್ತೆ ಕೇಳಲೂ ಇಲ್ಲ. ಸಂಕ್ರಾಂತಿ ಕಳೆದು ಲಾರಿಗೆ ಸಾಮಾನು ತುಂಬಿದ ದಿನ ಗಂಗಕ್ಕ ಒಂದು ಚೀಲ ಒಣಗಿಸಿದ ಅವರೆಬೇಳೆ ಕಟ್ಟಿಕೊಟ್ಟು, ಹೋಗಿ ಬನ್ನಿ ಅಂದಳು. ಮರುವರ್ಷ ಟೀವಿಯವರೊಬ್ಬರು ಆ ಸೀನು ನೋಡಿ ಬೆಂಗಳೂರಿಗೆ ಕರೆದರು. ಅಲ್ಲಿಂದ ಇಲ್ಲಿಯವರೆಗೆ ನಾನು ಉಂಡದ್ದೆಲ್ಲ ಗಂಗಕ್ಕನ ಮಾತಿನದೇ ಅನ್ನ. ಎಷ್ಟೋ ಸಲ ಅಜ್ಜಂಪುರದ ದಾರಿಯಲ್ಲೇ ಹೋಗಿದ್ದೇನೆ, ಕಾರು ನಿಲ್ಲಿಸಲು ಧೈರ್ಯ ಬಂದಿರಲಿಲ್ಲ.

ಈ ಸಲ ಸನ್ಮಾನ ಮುಗಿಯಿತು. ಹಾರ ತೆಗೆದು ಕಾರಿನಲ್ಲಿ ಬಿಟ್ಟು, ಶಾಲೂ ಬಿಟ್ಟು, ನಡೆದೇ ಆ ಬೀದಿಗೆ ಹೋದೆ. ನಾನಿದ್ದ ಕೋಣೆಯಲ್ಲಿ ಈಗ ಅವಳ ಅಣ್ಣನ ಮಗಳು ಶೋಭಾ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಮೂರು ಮೆಷಿನ್ನು, ನಾಲ್ಕಾರು ಹುಡುಗಿಯರು, ಗಲಗಲ ಮನೆ. ನನ್ನನ್ನು ನೋಡಿ ಹುಡುಗಿಯರೆಲ್ಲ ಎದ್ದು ಮೊಬೈಲು ಹಿಡಿದರು. ಅವರಿಗೆಲ್ಲ ಫೋಟೋ ಕೊಟ್ಟು ಒಳಗೆ ಹೋದೆ. ಗಂಗಕ್ಕ ಕುಗ್ಗಿದ್ದಳು, ಆದರೂ ಬೆನ್ನು ನೆಟ್ಟಗೇ ಇತ್ತು. ಬನ್ನಿ, ಕೂತ್ಕಳಿ ಅಂದಳು. ಗುರುತು ಹೇಳಬೇಕಾಗಲಿಲ್ಲ. ನಾನು ಕೂರಲಿಲ್ಲ. ಇಷ್ಟು ವರ್ಷ ಗಂಟಲಲ್ಲಿದ್ದ ಮಾತನ್ನು ನಿಂತೇ ಹೇಳಿದೆ. ನಿನ್ನದನ್ನು ಕದ್ದೆ ಅಕ್ಕ, ನಿನ್ನ ಕಣ್ಣೆದುರಿಗೇ ಕದ್ದೆ, ತಪ್ಪಾಯಿತು ಅಂದೆ. ಅವಳು ನಡುವಿನ ಬಾಗಿಲು ಮುಚ್ಚಿ ಬಂದು ಕೂತಳು.

"ನಿಮ್ಮ ತಪ್ಪು ಅಂತ ನಾನು ಯಾವತ್ತೂ ಅಂದಿಲ್ಲ. ನಿಮ್ಗೆ ಆವತ್ತು ಕೆಲ್ಸ ಉಳೀಬೇಕಿತ್ತು. ಜನ ನಕ್ಕಿದ್ದೂ ತಪ್ಪಲ್ಲ. ಆದ್ರೆ ಮಾರನೆ ದಿನ ತಟ್ಟೆ ಇಟ್ಕಂಡು ಬಾಯಿ ತೆಗೆದ್ರೆ ನನಗೆ ಆ ನಗು ಕೇಳಿಸ್ತು. ನನ್ನ ಮಾತು ನನಗೇ ನಾಟ್ಕ ಅನ್ನಿಸ್ತು. ಬೈಯೋದು ಬಿಟ್ಟೆ. ನಾನು ಬೈಯೋದು ಬಿಟ್ಟ ಮೇಲೆ ಅವ್ರೂ ಬರೋದು ಬಿಟ್ರು."

ಅಷ್ಟು ಹೇಳಿ ಎದ್ದು, ಊಟದ ಹೊತ್ತು, ಉಂಡೇ ಹೋಗಬೇಕು ಅಂತ ತಟ್ಟೆ ಹಾಕಿದಳು. ಅನ್ನ, ಸಾರು, ಉಪ್ಪಿನಕಾಯಿ, ಹಪ್ಪಳ. ತಾನೇ ಬಡಿಸಿದಳು. ಮುಂದಿನ ಕೋಣೆಯಲ್ಲಿ ಮೆಷಿನ್ನುಗಳ ಸದ್ದು ಮತ್ತೆ ಶುರುವಾಗಿತ್ತು. ನನಗೆ ಅಳು ಬರುತ್ತಿತ್ತು, ಆದರೆ ಅಳುವುದಕ್ಕಿಂತ ದೊಡ್ಡದೊಂದು ಆಸೆ ಹುಟ್ಟಿಬಿಟ್ಟಿತು. ಇವಳು ನನಗೆ ಒಂದೇ ಒಂದು ಸಲ ಬೈಯಬೇಕು. ನನ್ನ ಕಸುಬೇ ಅದಲ್ಲವೇ, ಎದುರಿಗಿರುವವರಿಂದ ಬೇಕಾದ್ದನ್ನು ಹೊರಡಿಸುವುದು. ಅನ್ನ ಚೆಲ್ಲಾಡಿದೆ. ಸಾರನ್ನು ಸೊರ್ ಎಂದು ಸದ್ದು ಮಾಡಿ ಕುಡಿದೆ. ಕೊನೆಗೆ ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ ಬಿಟ್ಟು, ಸಾಕಾಯಿತು ಅಂತ ಕೈ ಎತ್ತಿ ಅವಳ ಮುಖ ನೋಡಿದೆ.

ಗಂಗಕ್ಕ ತಟ್ಟೆಯನ್ನೂ ನೋಡಿದಳು, ನನ್ನನ್ನೂ ನೋಡಿದಳು.

"ಸಾಕಾದ್ರೆ ಬಿಡಿ, ಪರವಾಗಿಲ್ಲ" ಅಂದಳು.

ನಾನು ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡು, ಚೆಲ್ಲಿದ ಅಗುಳನ್ನೂ ಆರಿಸಿಕೊಂಡು ಹೊಟ್ಟೆ ತುಂಬ ಉಂಡೆ. ಉಂಡು, ಬೈಸಿಕೊಳ್ಳದೆ ಎದ್ದು ಬಂದೆ.